ಮೋಟರಿನ ಚೀಟಿ, ಪುಸ್ತಕದ ಚೀಟಿ

೧೯೮೬ರಲ್ಲಿ ನಾನು ಶಾಲೆ ಬಿಟ್ಟೆ. ಏಳನೆಯ ಇಯತ್ತೆ ಅರ್ಧಕ್ಕೆ ನಿಂತಿತು. ನಾನು ಮಾತ್ರ ಅಂದಿನಿಂದ ಇಂದಿನವರೆಗೆ ಒಂದು ದಿನವೂ ಸುಮ್ಮನೆ ನಿಂತವನಲ್ಲ. ಇದು ಈಗ ಯಾಕೆ ನೆನಪಾಯಿತೆಂದರೆ, ಇವತ್ತು ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿ, ಚೀಲದಿಂದ ಗ್ರಂಥಾಲಯದ ಹೊಸ ಪುಸ್ತಕ ತೆಗೆದು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಮೂಗಿಗೆ ಹಿಡಿದೆ. ಹೊಸ ಕಾಗದದ ವಾಸನೆ ಒಂದು ಕಡೆ, ಅಂಗಡಿಯ ವಾರ್ನಿಷ್ ವಾಸನೆ ಇನ್ನೊಂದು ಕಡೆ. ಇವೆರಡೂ ಬೆರೆತರೆ ಸಾಕು, ಎಂಟು ವರ್ಷದ ಹಿಂದಿನ ಒಂದು ಮಂಗಳವಾರ ನನ್ನೆದುರು ಬಂದು ಕೂರುತ್ತದೆ.

ಸುಟ್ಟ ಮೋಟರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿ ವಾರ್ನಿಷ್ ಹಚ್ಚುವುದು ನನ್ನ ಕಸುಬು. ಅಂಗಡಿ ಮರಾಠಿ ಸೀಮೆಯ ಧನಕವಡಿಯಲ್ಲಿ. ಜನ ನನ್ನನ್ನು ಮಿಸ್ತ್ರಿ ಅನ್ನುತ್ತಾರೆ. ನನ್ನ ಹೆಸರು ಕರೆಂಟ್ ಬಿಲ್ಲಿನ ಮೇಲೆ ಮಾತ್ರ ಇದೆ. ಇಂಡಿ ಕಡೆಯಿಂದ ರೈಲು ಹತ್ತಿ ದೌಂಡದಲ್ಲಿ ಇಳಿದು, ಅಲ್ಲಿನ ಒಬ್ಬ ಉಸ್ತಾದನ ಬಳಿ ಕೆಲಸ ಕಲಿತೆ. ಸುತ್ತಲೂ ಕಬ್ಬು, ಕಬ್ಬಿಗೆ ಪಂಪು, ಪಂಪು ಅಂದ ಮೇಲೆ ಸುಡುವುದು. ನಮಗೆ ಕೆಲಸದ ಕೊರತೆಯೇ ಇರಲಿಲ್ಲ. ಉಸ್ತಾದ ಕಲಿಸಿದ ನೇಮ ಒಂದೇ: ಸುಟ್ಟ ತಂತಿಯನ್ನು ಕತ್ತರಿಸುವ ಮೊದಲು ಚೀಟಿ ಬರೆ. ತಂತಿ ಕೂರುವ ಸ್ಲಾಟು ಎಷ್ಟು, ಒಂದೊಂದು ಸ್ಲಾಟಿನಲ್ಲಿ ಎಷ್ಟು ಸುತ್ತು, ತಂತಿ ಯಾವ ಗೇಜಿನದು, ಅಂದರೆ ಎಷ್ಟು ದಪ್ಪ. ಚೀಟಿ ಇಲ್ಲದೆ ಕತ್ತರಿ ಆಡಿಸಿದರೆ ಆ ಮೋಟರು ಬರೀ ಕಬ್ಬಿಣದ ಡಬ್ಬಿ.

ಓದುವ ಚಟ ನನಗೆ ತಡವಾಗಿ ಹತ್ತಿತು. ಅದೂ ಕತೆ ಕಾದಂಬರಿಯದಲ್ಲ. ಅವನ್ನು ನಾನು ಹೀಯಾಳಿಸುವುದಿಲ್ಲ. ನನ್ನ ಹೆಂಡತಿ ಓದುತ್ತಾಳೆ, ಓದಿದ ದಿನ ಸಾರಿಗೆ ಉಪ್ಪು ಹಾಕುವುದನ್ನು ಮರೆಯುತ್ತಾಳೆ. ನನಗೆ ಬೇಕಾದದ್ದು ನಿಜವಾಗಿ ಇರುವ ವಸ್ತುಗಳ ಪುಸ್ತಕ. ಸೇತುವೆ ಹೇಗೆ ನಿಲ್ಲುತ್ತದೆ, ಮನುಷ್ಯ ಯಾಕೆ ನಿದ್ದೆ ಮಾಡುತ್ತಾನೆ, ನಮ್ಮ ಕಾಲ ಕೆಳಗಿನ ನೀರು ಎಲ್ಲಿಗೆ ಹೋಗುತ್ತದೆ. ಮರಾಠಿ ಅಕ್ಷರಗಳನ್ನು ಅಂಗಡಿ ಬೋರ್ಡುಗಳಿಂದ ಕಲಿತವನು ನಾನು. ಹಾಗಾಗಿ ಮೊದಮೊದಲು ದೊಡ್ಡ ಅಕ್ಷರದ ಪುಸ್ತಕಗಳನ್ನೇ ಆರಿಸಿ ತರುತ್ತಿದ್ದೆ. ನಗಬೇಡಿ, ಎಲ್ಲರೂ ಎಲ್ಲಿಂದಲೋ ಶುರು ಮಾಡಬೇಕಲ್ಲ.

ನಮ್ಮ ಗ್ರಂಥಾಲಯದಲ್ಲಿ ಆಗ ಒಂದು ನಿಯಮವಿತ್ತು. ಹೊಸದಾಗಿ ಬಂದ ಪುಸ್ತಕಗಳನ್ನು ಆರು ತಿಂಗಳು ಅಲ್ಲೇ ಕೂತು ಓದಬೇಕು, ಮನೆಗೆ ಒಯ್ಯುವಂತಿಲ್ಲ. ಗ್ರಂಥಾಲಯ ತೆರೆದಿರುವುದು ಹತ್ತರಿಂದ ಆರು, ನನ್ನ ಅಂಗಡಿಯೂ ಹತ್ತರಿಂದ ಆರು, ಭಾನುವಾರ ಎರಡಕ್ಕೂ ರಜೆ. ಅಂದರೆ ದುಡಿದು ತಿನ್ನುವವನ ಕೈಗೆ ಪುಸ್ತಕ ಬರುವಷ್ಟರಲ್ಲಿ ಅದು ಹಳತಾಗಿರುತ್ತಿತ್ತು. ಹಳೆಯ ಪುಸ್ತಕ ಬದಲಿಸಲು ಓಡಿ ಬಂದಾಗಲೆಲ್ಲ ಗಾಜಿನ ಕಪಾಟಿನ ಹೊರಗೆ ನಿಂತು ಹೊಸ ಪುಸ್ತಕಗಳ ಬೆನ್ನಿನ ಹೆಸರುಗಳನ್ನು ಓದಿ ಓದಿ ಸಾಕಾಗಿ, ಒಂದು ಶನಿವಾರ ಅಂಗಡಿ ಬೇಗ ಮುಚ್ಚಿ ಹೋಗಿ ಕೇಳಿಯೇ ಬಿಟ್ಟೆ.

ಮೇಜಿನ ಹಿಂದೆ ಶೈಲಾಬಾಯಿ ಇದ್ದರು, ಗ್ರಂಥಪಾಲರು, ಬೆಳಗಾವಿಯವರು. ಪಕ್ಕದಲ್ಲಿ ಕಮಿಟಿಯ ಹಿರಿಯರು ಕುಲಕರ್ಣಿ ಸರ್. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಮೂಲ ಧಾರವಾಡ. ಇಬ್ಬರೂ ಊರಿನವರೆಲ್ಲರ ಜೊತೆ ಮರಾಠಿ ಆಡಿ, ವಾದಕ್ಕೆ ಮಾತ್ರ ಕನ್ನಡ ಉಳಿಸಿಕೊಂಡಿದ್ದರು.

"ಮಿಸ್ತ್ರಿ, ಹೊಸಾ ಪುಸ್ತಕ ನಿಮ್ಮ ಮನೀಗೆ ಹೋದ್ರ ತಿರುಗಿ ಯಾವ ಬಣ್ಣದಾಗ ಬರ್ತದ?" ಅಂದರು ಸರ್.

"ಬೆಳ್ಳಗನ ಬರ್ತದ್ರಿ ಸರ್."

"ನಿಮ್ಮ ಕೈ ನೋಡ್ಕೊಂಡು ಹೇಳ್ರಿ."

ನೋಡಿಕೊಂಡೆ. ಉಗುರಿನ ಅಂಚಿನಲ್ಲಿ ಮೂವತ್ತು ವರ್ಷದ ವಾರ್ನಿಷ್ ಕೂತಿತ್ತು. ಆ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಳ್ಳಬೇಕು ಅನ್ನಿಸಿತು. ಇಡಲಿಲ್ಲ, ಮೇಜಿನ ಮೇಲೆ ಇಟ್ಟೆ.

ಶೈಲಾಬಾಯಿ ನಡುವೆ ಬಂದರು. "ಒಂದು ಕೊಟ್ಟು ನೋಡೂಣ್ರಿ ಸರ್. ಈಗ ಒಯ್ಲಿ, ಸೋಮವಾರ ಮುಂಜಾನೆ ತಂದು ಕೊಡ್ಲಿ. ಕಲೆ ಬೀಳ್ಲಿಲ್ಲ ಅಂದ್ರ ರೂಲ್ ತೆಗೀರಿ, ಎಲ್ಲಾರೂ ಒಯ್ಲಿ."

"ಕಲೆ ಬಿತ್ತಂದ್ರ? ಇವರ ಕಾರ್ಡ್ ಹೋಗ್ತದ. ಆಗ್ಲೇನು ಮಿಸ್ತ್ರಿ?"

"ಆಗ್ಲಿರಿ," ಅಂದೆ. ನನಗೆ ಶಾಲೆ ಇಲ್ಲ, ಕಾಲೇಜಿಲ್ಲ. ಇದ್ದದ್ದು ಆ ಒಂದು ಕಾರ್ಡು.

ನೆಲದ ಕೆಳಗಿನ ನೀರಿನ ಬಗ್ಗೆ ಹೊಸದಾಗಿ ಬಂದ ಪುಸ್ತಕವನ್ನು ಆರಿಸಿದೆ. ಮನೆಗೆ ಬಂದು ಮೋಟರಿಗೆ ಹಾಕುವ ತೆಳು ಪಾರದರ್ಶಕ ಹಾಳೆಯಿಂದ ರಟ್ಟಿಗೆ ಹೊದಿಕೆ ಹಾಕಿದೆ. ಭಾನುವಾರ ಬೆಳಿಗ್ಗೆ ನಿಂಬೆಹಣ್ಣು ಹಚ್ಚಿ ಮೂರು ಸಲ ಕೈ ತೊಳೆದೆ. "ದೇವರ ಪೂಜಾಕ್ಕೂ ಇಷ್ಟು ತೊಳದಿಲ್ಲ ನೀವು," ಅಂದಳು ಹೆಂಡತಿ. ದಿನವಿಡೀ ಓದಿದೆ. ಊಟಕ್ಕೆ ಎದ್ದಾಗ ಪುಸ್ತಕವನ್ನು ಅಲಮಾರಿಯ ಮೇಲಿಟ್ಟೆ. ಸಂಜೆ ಮುಗಿಯಿತು. ಪ್ರತಿ ಕೆಲಸಕ್ಕೂ ಚೀಟಿ ಬರೆಯುವ ಕೈ ಸುಮ್ಮನಿರುತ್ತದೆಯೇ? ಅಂಗಿಯ ಕಿಸೆಯಲ್ಲಿ ಒಂದು ಚೀಟಿ ಸಿಕ್ಕಿತು, ಹಿಂಬದಿ ಖಾಲಿ ಇತ್ತು. ಅದರ ಮೇಲೆ ಪುಸ್ತಕ ಹೇಗಿದೆಯೆಂದು ನಾಲ್ಕು ಸಾಲು ಬರೆದು ಒಳಗಿಟ್ಟೆ. ಸೋಮವಾರ ಪುಸ್ತಕ ಒಪ್ಪಿಸಿ ಗೆದ್ದವನಂತೆ ಅಂಗಡಿಗೆ ಹೋದೆ.

ಮಂಗಳವಾರ ಮಧ್ಯಾಹ್ನ ಭೋರ್ ಎಂಬ ಊರಿನ ಕಲ್ಯಾಣ ಮಂಟಪದ ಮೋಟರು ಕೈಗೆತ್ತಿಕೊಂಡೆ. ಶುಕ್ರವಾರ ಅಲ್ಲಿ ಮದುವೆ. ಬಾವಿಯಲ್ಲಿ ನೀರಿತ್ತು, ಮೇಲೆತ್ತಲು ಪಂಪು ಇರಲಿಲ್ಲ. ಹಳೆಯ ತಂತಿಯನ್ನು ಶನಿವಾರವೇ ಕತ್ತರಿಸಿ ಗುಜರಿಗೆ ಕಳಿಸಿಯಾಗಿತ್ತು. ಚೀಟಿಗೆಂದು ಕಿಸೆಗೆ ಕೈ ಹಾಕಿದೆ. ಆಗ ಹೊಳೆಯಿತು, ಯಾವ ಚೀಟಿಯ ಹಿಂಬದಿಯಲ್ಲಿ ಬರೆದೆನೆಂದು.

ಗ್ರಂಥಾಲಯಕ್ಕೆ ಓಡಿದೆ. ಶೈಲಾಬಾಯಿ ತಣ್ಣಗೆ ಹೇಳಿದರು: "ಪುಸ್ತಕ ಇಲ್ರಿ. ಸರ್ ನಿನ್ನೆನ ಮನೀಗೆ ಒಯ್ದಾರ. ಕಲೆ ಹುಡುಕ್ಲಿಕ್ಕೆ."

ಸರ್ ಮನೆ ಎರಡು ಓಣಿ ಆಚೆ. ಆರಾಮ ಕುರ್ಚಿಯಲ್ಲಿ ಕೂತಿದ್ದರು. ತೊಡೆಯ ಮೇಲೆ ಪುಸ್ತಕ, ಕೈಯಲ್ಲಿ ನನ್ನ ಚೀಟಿ.

"ಬರ್ರಿ. ನಿಮ್ಮನ್ನ ಕರಸವ್ನ ಇದ್ದೆ. ಇಪ್ಪತ್ನಾಕು, ನಲವತ್ತೆರಡು, ಹತ್ತೊಂಬತ್ತು. ಮೂರೂ ಪುಟ ಎರಡೆರಡು ಸಲ ಓದಿದೆ. ಏನದ ಅಲ್ಲೆ?"

"ಏನಿಲ್ರಿ ಸರ್. ಅವು ಭೋರ್ ಮೋಟರಿನ ಸ್ಲಾಟು, ಸುತ್ತು, ಗೇಜು."

ಸರ್ ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಆಮೇಲೆ ನಗುವಿಗೆ ಅವರ ಹೊಟ್ಟೆ ಅಲುಗತೊಡಗಿತು. "ಅಲ್ರೀ, ಆ ಪುಟದಾಗ ಏನೂ ಸಿಗ್ಲಿಲ್ಲ ಅಂತ ಮುಂದ ಹುಡುಕ್ಕೋತ ಹೋದೆ. ಹುಡುಕ್ಕೋತ ಹುಡುಕ್ಕೋತ ಪುಸ್ತಕಾನ ಮುಗೀತು! ಭಾಳ ಚೊಲೋ ಅದ. ಖರೀದಿಗೆ ಸಹಿ ಹಾಕಿದವ ನಾನು, ಓದಿದ್ದು ಈಗ."

ಚೀಟಿ ಹೊರಳಿಸಿ, ನಾನು ಮರಾಠಿಯಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿದರು: ಮೊದಲ ಎರಡು ಅಧ್ಯಾಯ ಸಡಿಲ, ಮೂರನೆಯದರಿಂದ ಬಿಗಿ. ಬಾವಿ ತೋಡುವವರ ಜೊತೆ ಕೂತು ಬರೆದದ್ದು ಗೊತ್ತಾಗುತ್ತದೆ. ನೀರು ತೀರಿದರೆ ಮೋಟರು ಸುಡುತ್ತದೆ ಎಂದಷ್ಟೇ ಹೇಳಿದ್ದಾರೆ. ನನ್ನಲ್ಲಿಗೆ ಬರುವವು ಹೆಚ್ಚಾಗಿ ಕರೆಂಟಿನ ಮೂರು ಫೇಸಿನಲ್ಲಿ ಒಂದು ಹೋಗಿ ಸುಟ್ಟವು. ಬಾವಿ ಇದ್ದವರು ಓದಲೇಬೇಕು.

"ಕಲೆ ಏನರ ಸಿಕ್ತೇನ್ರಿ ಸರ್?" ನಾನು ಕೇಳಿದೆ.

"ಒಂದದ," ಅಂದರು. ಪುಟ ನಲವತ್ತೆರಡು ತೆರೆದು ತೋರಿಸಿದರು. ಬೇಳೆಕಾಳಿನಷ್ಟು ಅರಿಶಿನದ ಚುಕ್ಕೆ. "ಝುಣಕದ್ದು. ನಿನ್ನೆ ಊಟ ಮಾಡ್ಕೋತ ಓದಿದೆ. ನಂದು."

"ಹಂಗಾದ್ರ ಕಾರ್ಡ್ ಯಾರದು ಹೋಗಬೇಕ್ರಿ ಸರ್?"

ಒಳಗಿನಿಂದ ಅವರ ಹೆಂಡತಿ ನಕ್ಕದ್ದು ಕೇಳಿಸಿತು. ಸರ್ ಮೂರೂ ಅಂಕಿಗಳನ್ನು ಪಾಠ ಹೇಳುವವರ ದುಂಡು ಅಕ್ಷರದಲ್ಲಿ ಬೇರೆ ಹಾಳೆಯ ಮೇಲೆ ಬರೆದುಕೊಟ್ಟರು. ಮೂಲ ಚೀಟಿ ಕೊಡಲಿಲ್ಲ. ಶುಕ್ರವಾರ ಭೋರ್‌ನ ಮದುವೆಗೆ ನೀರು ಬಂತು. ಮುಂದಿನ ವಾರ ನಿಯಮ ಹೋಯಿತು, ಗಾಜಿನ ಕಪಾಟಿನ ಬೀಗವೂ ಹೋಯಿತು. ಚೀಟಿಯನ್ನು ಆ ಪುಸ್ತಕದ ಕೊನೆಯ ರಟ್ಟಿಗೆ ಒಂದು ಅಂಚಿನಿಂದ ಅಂಟಿಸಿದರು, ಎರಡೂ ಬದಿ ಕಾಣುವ ಹಾಗೆ. ಅಲ್ಲಿಂದ ಹೊಸ ಪುಸ್ತಕಗಳಿಗೆ ಚೀಟಿ ಬರೆಯುವುದು ನನ್ನ ಪಾಲಿಗೆ ಬಂತು.

ನೀವೂ ಗ್ರಂಥಾಲಯಕ್ಕೆ ಹೋಗುವವರಾದರೆ ನನ್ನ ರೀತಿ ಹೇಳುತ್ತೇನೆ. ಮುನ್ನುಡಿ ಬಿಡಿ, ಹೊಗಳಿಕೆ ಅಲ್ಲೇ ಇರುತ್ತದೆ. ನಡುವಿನ ಒಂದು ಪುಟ ತೆರೆದು, ಬರೆದವರ ಚಪ್ಪಲಿಗೆ ಆ ಜಾಗದ ಮಣ್ಣು ಹತ್ತಿದೆಯೋ ನೋಡಿ. ಈ ವರ್ಷ ಬಂದವುಗಳಲ್ಲಿ ಜೇನುನೊಣಗಳ ಹಿಂದೆ ಕಾಡು ಅಲೆದ ಒಬ್ಬಳದು ಒಯ್ಯಿರಿ. ರಾತ್ರಿಪಾಳಿಯವರ ನಿದ್ದೆಯ ಬಗ್ಗೆ ಒಬ್ಬ ಡಾಕ್ಟರು ಬರೆದದ್ದು ಒಯ್ಯಿರಿ. ಯಶಸ್ಸಿನ ಗುಟ್ಟು ಹೇಳುವ ದಪ್ಪ ಪುಸ್ತಕವನ್ನು ನೊಣ ಹೊಡೆಯಲು ಬೇಕಾದರೆ ಒಯ್ಯಿರಿ.

ಇವತ್ತಿನ ಪುಸ್ತಕ ಸೇತುವೆಗಳದು. ಮೂಸಿ ನೋಡಿ ತೆರೆದರೆ ಒಳಗೆ ಆಗಲೇ ಒಂದು ಚೀಟಿ, ಸರ್ ಅಕ್ಷರ, ಈಗ ಸ್ವಲ್ಪ ನಡುಗುತ್ತದೆ: "ಮಿಸ್ತ್ರಿ ಮೊದಲು ಓದಲಿ. ಆಮೇಲೆ ನಾನು." ವಾರ್ನಿಷ್ ಹತ್ತಿದ ಕೈಯಿಂದಲೇ ಅದನ್ನು ಹಿಡಿದು ಎರಡು ಸಲ ಓದಿದೆ. ಬೆನ್ನ ಹಿಂದೆ ಇಡಬೇಕು ಅನ್ನಿಸಿದ್ದು ಇದೇ ಕೈಗಳನ್ನೇ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಅಂಗಡಿ ಒಂದು. ತಂತಿ ಸುತ್ತುವ ಯಂತ್ರ ಎರಡು. ಗ್ರಂಥಾಲಯದ ಕಾರ್ಡು ಮೂರು, ಒಂದು ಹೆಂಡತಿಯದು, ಒಂದು ಮಗಳದು. ಹೊಸ ಪುಸ್ತಕಗಳಿಗೆ ಅಂಟಿಸಿದ ನನ್ನ ಕೈಬರಹದ ಚೀಟಿ ಇನ್ನೂರಾ ಹನ್ನೊಂದು. ಕಲೆ ಬಿದ್ದ ಪುಸ್ತಕ ಒಂದು. ಅದು ನನ್ನದಲ್ಲ.