ಇದ್ದಿಲು ಗೂಡಿನ ಬೆಲ್ಲ

೨೦೦೬ರಲ್ಲಿ ಹತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟು, ಕೆಂಗೇರಿ ಆಚೆ ಸೌದೆ ಸುಟ್ಟು ಇದ್ದಿಲು ಮಾಡುವ ಗೂಡಿನಲ್ಲಿ ಕೆಲಸಕ್ಕೆ ಸೇರಿದೆ. ಹೊಗೆ ಕುಡಿದ ಎದೆಗೆ ಮದ್ದೆಂದು ಮಾಲೀಕರು ಸಂಜೆ ಒಂದೊಂದು ತುಂಡು ಬೆಲ್ಲ ಕೊಡುತ್ತಿದ್ದರು. ಕಪ್ಪು ಕಫ ಬಿದ್ದರೆ ಎದೆ ಶುದ್ಧವಾಯಿತೆಂದೇ ನಾವೆಲ್ಲ ನಂಬಿದ್ದೆವು. ಜೊತೆಯವನೊಬ್ಬ ಉಸಿರುಕಟ್ಟಿ ಕುಸಿದು ಆಸ್ಪತ್ರೆ ಸೇರಿದ ಮೇಲೆ ನಾನು ಬೆಲ್ಲಕ್ಕೆ ಕೈ ಚಾಚಲಿಲ್ಲ.

"ಬೆಲ್ಲ ಬೇಡ ಸಾರ್, ಎಲ್ರಿಗೂ ಮಾಸ್ಕ್ ಕೊಡಿ. ಇನ್ಮೇಲೆ ಗೂಡು ಪೂರ್ತಿ ಆರೋವರೆಗೂ ಅದರ ಬಾಯಿ ತೆಗೆಯಲ್ಲ," ಎಂದೆ.

"ಏನೋ, ಇದ್ದಿಲಿಗೆ ಆಪರೇಷನ್ ಮಾಡ್ತೀಯಾ?" ಎಂದು ಮಾಲೀಕರು ನಕ್ಕರು.

ಮರುದಿನ ನಮ್ಮಲ್ಲಿ ಯಾರೂ ಕೆಲಸಕ್ಕೆ ಇಳಿಯಲಿಲ್ಲ. ಸಂಜೆಯೊಳಗೆ ಮಾಸ್ಕ್ ಬಂತು.

ಈಗ ನನಗೆ ಸ್ವಂತದ ಎರಡು ಗೂಡುಗಳಿವೆ, ಆರು ಜನ ಕೆಲಸಗಾರರಿದ್ದಾರೆ, ಗೋಡೆಯ ಮೊಳೆಗಳಲ್ಲಿ ನನ್ನದೂ ಸೇರಿ ಏಳು ಮಾಸ್ಕುಗಳಿವೆ.