ಅಟ್ಟದ ತೊಲೆಗೆ ಕಟ್ಟಿದ ಎಂಜಿನ್

ನಮ್ಮ ಯಜಮಾನರಿಗೆ ಕಾರಿನ ಹುಚ್ಚು. ಹುಚ್ಚು ಅಂದರೆ ತೀರ ಮರ್ಯಾದೆಯ ಮಾತಾಯಿತು. ಬೆಂಗಳೂರಿನಲ್ಲಿ ಯಾರೋ ಮಾರುತ್ತಿದ್ದ ಹಳೆಯ ಜಪಾನಿ ಕಾರೊಂದನ್ನು ಲಾರಿಯ ಮೇಲೆ ಹೇರಿಸಿಕೊಂಡು ಬಂದರು. ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗುವಷ್ಟು ಕುಳ್ಳು. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುತ್ತದಂತೆ, ಅದೇ ಅದರ ಹೆಚ್ಚುಗಾರಿಕೆಯಂತೆ. ನಮ್ಮೂರಿಂದ ಶೆಟ್ಟಿಕೆರೆಯ ತನಕ ರಸ್ತೆಯಲ್ಲಿ ಹಂಪುಗಳು, ಸುಗ್ಗಿ ಬಂತೆಂದರೆ ಅದೇ ರಸ್ತೆಯ ಮೇಲೆ ರಾಗಿ ಹುಲ್ಲು. ಅಲ್ಲಿ ನಾಲ್ಕು ಚಕ್ರ ಬಲ ಪಡೆದು ಮಾಡುವುದೇನು ಅಂತ ನಾನು ಕೇಳಲಿಲ್ಲ. ಕೇಳಿ ಉತ್ತರ ಪಡೆದ ಅನುಭವ ನನಗಿಲ್ಲ.

ಕಾರು ಚೆನ್ನಾಗಿಯೇ ಓಡುತ್ತಿತ್ತು. ಚೆನ್ನಾಗಿರುವುದನ್ನು ಹಾಗೇ ಬಿಟ್ಟರೆ ಅವರಿಗೆ ನಿದ್ದೆ ಬರುವುದಿಲ್ಲ. ಹಳೆಯ ಎಂಜಿನ್ ಕಿತ್ತು ಅದೇ ಕಂಪನಿಯ ಈಚಿನ ಟರ್ಬೊ ಎಂಜಿನ್ ಕೂರಿಸಬೇಕು ಅಂತ ಹಟ ಹಿಡಿದರು.

"ಹಳೇದ್ರಲ್ಲಿ ಉಸಿರೇ ಇಲ್ಲ ಕಣೇ. ಟರ್ಬೊ ಅಂದ್ರೆ, ಹೊಗೆ ಹೊರಗೆ ಹೋಗೋ ರಭಸಕ್ಕೇ ಒಂದು ಚಕ್ರ ತಿರುಗಿ ಒಳಕ್ಕೆ ಇನ್ನೊಂದಷ್ಟು ಗಾಳಿ ತುಂಬುತ್ತೆ."

"ಗಾಳಿ ತುಂಬೋಕೆ ಇಷ್ಟೆಲ್ಲ ಬೇಕೇನ್ರೀ?" ಅಂದೆ. ಅವರಿಗೆ ಅರ್ಥವಾಗಲಿಲ್ಲ.

ಕೆಲಸಕ್ಕೆ ಅವರು ಆರಿಸಿದ್ದು ನಮ್ಮ ದನದ ಕೊಟ್ಟಿಗೆ. ಹಸುಗಳನ್ನು ಹುಣಸೆ ಮರದಡಿ ಕಟ್ಟಿ ಕಾರನ್ನು ಕೊಟ್ಟಿಗೆಗೆ ತುಂಬಿದರು. ನಮ್ಮ ಕಡೆ ಕೊಟ್ಟಿಗೆ ಅಂದರೆ ಕೆಳಗೆ ದನ, ಮೇಲೆ ಅಟ್ಟ. ಬಲಿತ ತೆಂಗಿನಕಾಯಿಗಳನ್ನು ಸುಲಿಯದೆ ಅಟ್ಟದ ಮೇಲೆ ಹರವಿ ಹೆಚ್ಚುಕಡಿಮೆ ಒಂದು ವರ್ಷ ಬಿಡಬೇಕು. ಒಳಗಿನ ನೀರು ತಾನಾಗಿ ಹಿಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನಬೇಕು; ಕುಳಕ್ ಅಂದರೆ ಇನ್ನೂ ಕಾಯಬೇಕು. ಆ ಅಟ್ಟ ನನ್ನದು. ಮದುವೆಯಾಗಿ ಬಂದಾಗಿನಿಂದ ಅದರ ಕಾಯಿ ಏರಿಸಿದವಳು, ಇಳಿಸಿದವಳು, ಇಲಿ ಓಡಿಸಿದವಳು ನಾನು.

ಅವರ ದೋಸ್ತು ಒಬ್ಬರಿದ್ದಾರೆ, ತಿಪಟೂರಿನ ಮೆಕ್ಯಾನಿಕ್. ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿ ಮುಗಿಸಿದರೆ ಸಾಕು, ಅದನ್ನು ತಾವೇ ಕಂಡುಹಿಡಿದಂತೆ ಮಾತಾಡುವ ಜನ. ಇಬ್ಬರೂ ಕೊಟ್ಟಿಗೆಯ ನಡುತೊಲೆಯನ್ನು ಹೆಣ್ಣು ನೋಡುವವರ ಹಾಗೆ ನೋಡಿದರು. ಅದಕ್ಕೆ ಸರಪಳಿ ರಾಟೆ ಕಟ್ಟಿ ಎಂಜಿನ್ ಎತ್ತಿ ಇಳಿಸುವುದು ಅಂತ ತೀರ್ಮಾನವಾಯಿತು.

"ಮೇಲೆ ವರ್ಷದ ಕಾಯಿ ಐತೆ. ಅಂಗಳದಲ್ಲಿ ಮೂರು ಕಂಬ ನೆಟ್ಟು ಎತ್ತಿ," ಅಂದೆ.

"ಬುಡೇ, ನಮ್ಮಪ್ಪ ಇದೇ ತೊಲೆಗೆ ತಕ್ಕಡಿ ಹಾಕಿ ಮೂಟೆ ಮೂಟೆ ಕೊಬ್ಬರಿ ತೂಗ್ತಿದ್ರು."

ತೂಗುತ್ತಿದ್ದರು, ನಿಜ. ಆದರೆ ಕೊಬ್ಬರಿ ತೂಗುವುದು ಕಾಯಿ ಕೆಳಗಿಳಿಸಿ, ಒಡೆದು, ಮೂಟೆ ಕಟ್ಟಿದ ಮೇಲೆ. ಆಗ ಅಟ್ಟ ಬರಿದಾಗಿರುತ್ತದೆ. ಕೊಬ್ಬರಿ ತಿಂದೇ ಬೆಳೆದ ಮನುಷ್ಯನಿಗೆ ಇಷ್ಟು ಹೊಳೆಯಲಿಲ್ಲ. ನಾನು ಹೇಳಿದ್ದಕ್ಕೆ ಮೆಕ್ಯಾನಿಕ್ ನಕ್ಕು, "ಅತ್ತಿಗೆ, ಇದಕ್ಕೆ ಆನೆ ಕಟ್ಟಿದ್ರೂ ಅಲ್ಲಾಡಕಿಲ್ಲ," ಅಂದರು.

ಹಳೆಯ ಎಂಜಿನ್ ಏನೂ ಆಗದೆ ಈಚೆಗೆ ಬಂತು. ಅದೇ ಕೆಟ್ಟದ್ದಾಯಿತು, ಇಬ್ಬರ ತಲೆಯೂ ತೊಲೆಗಿಂತ ಮೇಲಕ್ಕೆ ಹೋಯಿತು.

ಹೊಸದನ್ನು ಕೂರಿಸುವ ದಿನ ಊಟವಾದ ಮೇಲೆ ಎಂದಿನಂತೆ ಅಟ್ಟ ಹತ್ತಿ ಕಾಯಿ ಅಲ್ಲಾಡಿಸಿ ನೋಡುತ್ತಿದ್ದೆ. ಕೆಳಗೆ ಕಾರು ತಳ್ಳಲು ಅಡ್ಡವಾಗುತ್ತದೆ ಅಂತ ಏಣಿ ತೆಗೆದರು. ಆಮೇಲೆ ಸರಪಳಿಯ ಕರಕರ ಸದ್ದು ಬಂತು.

"ರೀ, ನಾನು ಮೇಲಿದೀನಿ," ಅಂತ ಕೂಗಿದೆ.

"ಗೊತ್ತು ಕಣೇ. ಅಲ್ಲೇ ಇರು, ಈಗ ಆಗೋಯ್ತದೆ."

ಆಗಿಯೇಹೋಯಿತು. ತೊಲೆ ಲಟಕ್ ಅಂತು. ಅಟ್ಟದ ಹಲಗೆಗಳು ನಡುವಿಗೆ ಜಗ್ಗಿದವು, ನನ್ನ ಸುತ್ತಲಿನ ಕಾಯಿಗಳೆಲ್ಲ ಒಮ್ಮೆಗೇ ಉರುಳತೊಡಗಿದವು. ಮಾಡಿನ ಜಂತಿ ಕೈಗೆ ಸಿಕ್ಕಿತು, ತಬ್ಬಿಕೊಂಡೆ. ಕಾಯಿಗಳು ಧಡಧಡ ಕೆಳಗೆ ಬೀಳುತ್ತಿದ್ದವು. ಪ್ರಾಣಭಯ ಅನ್ನುವುದು ನನಗೆ ಆವತ್ತು ತಿಳಿಯಿತು. ಸದ್ದು ನಿಂತ ಮೇಲೆ ಕೆಳಗಿನಿಂದ ನಮ್ಮ ಯಜಮಾನರ ದನಿ ಕೇಳಿತು. ಎಂದೂ ಅಷ್ಟು ಕಳಕಳಿಯಿಂದ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಟರ್ಬೊ ನೋಡ್ಲಾ ಮೊದ್ಲು. ಟರ್ಬೊಗೆ ಏಟು ಬಿತ್ತಾ?"

"ಏಣಿ ಕೊಡ್ರೀ," ಅಂದೆ. ನನ್ನ ದನಿ ನನಗೇ ಹೊಸದಾಗಿತ್ತು.

"ಒಂಚೂರು ತಡ್ಕಳೇ, ಎಂಜಿನ್ ನೇತಾಡ್ತಾ ಐತೆ. ಇದನ್ನ ಇಳಿಸ್ಬುಟ್ಟು ಕೊಡ್ತೀನಿ."

ತೊಲೆಗೆ ಕೆಳಗಿನಿಂದ ಕಂಬದ ಆಸರೆ ಕೊಟ್ಟರು. ಮನೆಯೊಳಗಿಂದ ನನ್ನ ಕೌದಿ ತಂದು ಹಾಸಿ, ಕೂಸನ್ನು ಮಲಗಿಸುವಂತೆ ಎಂಜಿನ್ನನ್ನು ಅದರ ಮೇಲೆ ಇಳಿಸಿದರು. ಅಷ್ಟೂ ಹೊತ್ತು ನಾನು ಜಂತಿ ತಬ್ಬಿಕೊಂಡು, ಈ ಮನುಷ್ಯನ ತಲೆಯ ಬೋಳು ಮೇಲಿನಿಂದ ಹೇಗೆ ಕಾಣುತ್ತದೆ ಅಂತ ನೋಡುತ್ತಿದ್ದೆ. ಎಂಥ ಸಣ್ಣ ತಲೆ ಅನ್ನಿಸಿತು.

ಏಣಿ ಬಂತು, ಇಳಿದೆ. ಮೊಣಕೈ ತರಚಿ ರಕ್ತ ಸೀರೆಗೆ ಇಳಿಯುತ್ತಿತ್ತು. ಅವರು ಎಂಜಿನ್ ಸವರುತ್ತಾ, "ನೋಡ್ದಾ, ಒಂದು ಗೀರೂ ಬಿದ್ದಿಲ್ಲ," ಅಂದರು. ನಾನು ಒಡೆದ ಕಾಯಿ ಆರಿಸಲು ಕೂತೆ. ಇನ್ನೊಂದು ತಿಂಗಳು ಮೇಲಿದ್ದಿದ್ದರೆ ಎಲ್ಲ ಉಂಡೆಯಾಗುತ್ತಿದ್ದವು. ಒಡೆದ ಕಾಯಿ ಇನ್ನು ಉಂಡೆಯಾಗುವುದಿಲ್ಲ, ಕಡಿಮೆ ಬೆಲೆಗೆ ಎಣ್ಣೆಗೇ ಹೋಗಬೇಕು. ಆವಾಗ ಮಾತ್ರ ಕಣ್ಣಲ್ಲಿ ನೀರು ಬಂತು.

ಕಾರು ಈಗ ಓಡುತ್ತದೆ. ಹೊಸ ಎಂಜಿನ್ ಎತ್ತರವಾಗಿ ಬಾನೆಟ್ ಮುಚ್ಚದೆ ಹೋದದ್ದಕ್ಕೆ ಅದನ್ನು ಕೊರೆದು ಕಿಂಡಿ ಮಾಡಿಸಿದ್ದಾರೆ. ಮಳೆ ಬಂದರೆ ಆ ಕಿಂಡಿಯ ಮೇಲೆ ಬಕೆಟ್ಟು ಬೋರಲು ಹಾಕುತ್ತಾರೆ. ಕಾರು ಟರ್ಬೊದ ಸೀಟಿ ಹೊಡೆಯುತ್ತಾ ಹೊರಡುತ್ತದೆ, ಮೊದಲ ಹಂಪಿನಲ್ಲಿ ಹೊಟ್ಟೆ ಉಜ್ಜಿಕೊಂಡು ನಿಲ್ಲುತ್ತದೆ, ಹಿಂದೆ ಬಂದ ಕಾಯಿ ತುಂಬಿದ ಟ್ರ್ಯಾಕ್ಟರು ಅದನ್ನು ದಾಟಿ ಹೋಗುತ್ತದೆ. "ಬಾ, ಮುಂದ್ಗಡೆ ಕೂತ್ಕ, ತುರುವೇಕೆರೆಗೆ ಹೋಗ್ಬರಣ," ಅಂತ ಕರೆಯುತ್ತಾರೆ. ನಾನು ಬಸ್ಸಿಗೇ ಹೋಗುತ್ತೇನೆ.

ಮನೆಗೆ ಯಾರೇ ಬರಲಿ, ತೊಲೆ ಸೀಳಿದ ಕಥೆಯನ್ನು ಹೇಳದೆ ಕಳಿಸುವುದಿಲ್ಲ. ಹೇಗೆ ಸದ್ದಾಯಿತು, ಹೇಗೆ ಸರಪಳಿ ಬಿಡದೆ ಹಿಡಿದರು, ಎಂಜಿನ್ ಹೇಗೆ ಕೂದಲೆಳೆಯಲ್ಲಿ ಉಳಿಯಿತು, ಎಲ್ಲವನ್ನೂ ಕೈ ಆಡಿಸಿ ಹೇಳುತ್ತಾರೆ. ಕಾಫಿ ಕೊಡುತ್ತಾ ನಾನೂ ಎಷ್ಟೋ ಸಲ ಕೇಳಿದ್ದೇನೆ. ಅವರ ಕಥೆಯಲ್ಲಿ ಅಟ್ಟದ ಮೇಲೆ ಕಾಯಿ ಇರುತ್ತವೆ. ನಾನು ಇರುವುದಿಲ್ಲ.