ಸೀಟು ಖಾಲಿ ಇದ್ದರೆ ಮಾತ್ರ

ನಮ್ಮ ಮನೆಯಲ್ಲಿ ಇಬ್ಬರು ಡ್ರೈವರ್‌ಗಳು. ನಾನು ಊರೊಳಗೆ ಹದಿನಾಲ್ಕನೇ ನಂಬರಿನ ಬಸ್ಸು ಓಡಿಸುತ್ತೇನೆ, ನನ್ನ ಅಕ್ಕ ವಿಮಾನ ಓಡಿಸುತ್ತಾಳೆ. ಅವಳನ್ನು ಡ್ರೈವರ್ ಎಂದರೆ ನೆಂಟರಿಗೆ ಸಿಟ್ಟು ಬರುತ್ತದೆ, ಅವಳಿಗೆ ಬರುವುದಿಲ್ಲ. "ನಿನ್ನ ಕೆಲಸಾನೇ ಕಷ್ಟ ಕಣೋ. ನನ್ನ ದಾರೀಲಿ ಯಾರೂ ಮೊಬೈಲ್ ನೋಡ್ಕೊಂಡು ಅಡ್ಡ ಬರಲ್ಲ" ಎನ್ನುತ್ತಾಳೆ. ಸಂಬಳದ ದಿನ ಮಾತ್ರ ಈ ವಿನಯ ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ.

ಅಕ್ಕನಿಗೆ ನಲವತ್ತನಾಲ್ಕು ವಯಸ್ಸು. ಕುಳ್ಳಗಿದ್ದಾಳೆ, ದನಿ ಮಾತ್ರ ದೊಡ್ಡದು. ಮನೆಯಲ್ಲಿ ಅವಳಿಗೆ ನಾನಿಟ್ಟ ಹೆಸರು 'ಇನ್ನೊಂದ್ಸಲ'. ಯಾಕೆಂದರೆ ಮನೆಯಿಂದ ಹೊರಡುವಾಗ ಅವಳು ಬಾಗಿಲಲ್ಲಿ ನಿಂತು ವಿಮಾನದಲ್ಲಿ ಮಾಡುವಂತೆಯೇ ಒಂದೊಂದಾಗಿ ಕೇಳುತ್ತಾಳೆ. "ಗ್ಯಾಸ್?" ನಾನು "ಆಫ್" ಎನ್ನಬೇಕು. "ನಲ್ಲಿ?" "ಆಫ್." "ಬೀಗದ ಕೈ?" ಅದನ್ನು ಎತ್ತಿ ತೋರಿಸಬೇಕು, ಬಾಯಿಮಾತು ನಡೆಯುವುದಿಲ್ಲ. "ಹೂಂ ಮಾರಾಯ್ತಿ, ಎಲ್ಲಾ ಆಗಿದೆ" ಎಂದುಬಿಟ್ಟರೆ ಮುಗಿಯಿತು. "ಇನ್ನೊಂದ್ಸಲ" ಎಂದು ಗ್ಯಾಸಿನಿಂದ ಮತ್ತೆ ಶುರು. ಪಕ್ಕದ ಬೀದಿಯ ಅಂಗಡಿಗೆ ಹೋಗಿ ಸಾಬೂನು ತರುವುದಕ್ಕೂ ಇದೇ ಗೋಳು.

ಅಮ್ಮ ದರ್ಜಿ. ಕಂಪನಿ ಕೊಡುವ ಬಿಳಿ ಶರ್ಟಿನ ಭುಜ ಗಂಡಸರ ಅಳತೆಯದು, ಅಕ್ಕನಿಗೆ ಜೋತು ಬೀಳುತ್ತದೆ. ಹಾಗಾಗಿ ಹದಿನೆಂಟು ವರ್ಷಗಳಿಂದ ಅಕ್ಕನ ಶರ್ಟುಗಳನ್ನು ಅಮ್ಮನೇ ಹೊಲಿಯುತ್ತಾಳೆ. ಭುಜದ ಮೇಲೆ ಪಟ್ಟಿ ಸಿಕ್ಕಿಸುವ ಜಾಗಕ್ಕೆ ಎರಡೆರಡು ಹೊಲಿಗೆ.

ಈ ಅಮ್ಮನಿಗೆ ಒಂದು ಅಭ್ಯಾಸವಿದೆ. ಯಾವ ವಾಹನದಲ್ಲಿ ಕೂತರೂ ಕಣ್ಣು ಮುಚ್ಚುವುದಿಲ್ಲ. ನನ್ನ ಬಸ್ಸಿನಲ್ಲಿ ನನ್ನ ಹಿಂದಿನ ಸೀಟೇ ಆಗಬೇಕು. ಅಲ್ಲಿ ಕೂತು, ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒತ್ತುತ್ತಲೇ ಇರುತ್ತಾಳೆ. "ಸ್ಕೂಟರ್ ಬಂತು ನೋಡೋ" ಎಂದು ಹಿಂದಿನಿಂದ ಕೂಗುತ್ತಾಳೆ. ಹದಿನೈದು ವರ್ಷ ಬಸ್ಸು ಓಡಿಸಿದವನಿಗೆ ಇಡೀ ಬಸ್ಸಿನ ಎದುರು ಎಂಥ ಮರ್ಯಾದೆ!

ಅಮ್ಮನಿಗಿದ್ದ ಆಸೆ ಒಂದೇ. ಅಕ್ಕ ಓಡಿಸುವ ವಿಮಾನದಲ್ಲಿ ಒಮ್ಮೆ ಕೂರಬೇಕು. ಅದು ರೆಕ್ಕೆಗೊಂದರಂತೆ ಎರಡು ಫ್ಯಾನು ಇರುವ ಚಿಕ್ಕ ವಿಮಾನ. ಬೆಟ್ಟದ ಊರಿಗೆ ಐವತ್ತು ನಿಮಿಷ, ಮತ್ತೆ ವಾಪಸ್. ಸಿಬ್ಬಂದಿಯ ಮನೆಯವರಿಗೆ ಕಂಪನಿ ಟಿಕೆಟ್ ಕೊಡುತ್ತದೆ, ಸೀಟು ಕೊಡುವುದಿಲ್ಲ. ಕೊನೆ ಗಳಿಗೆಯವರೆಗೆ ಕಾದು, ಸೀಟು ಖಾಲಿ ಉಳಿದರೆ ಮಾತ್ರ ಹತ್ತಬಹುದು. ಅಮ್ಮ ಐದು ಸಲ ಒಳ್ಳೆಯ ಬಟ್ಟೆ ಹಾಕಿಕೊಂಡು ಹೋಗಿ ಐದು ಸಲವೂ ಹಾಗೇ ಹಿಂದಿರುಗಿದ್ದಳು. ನಾನೇ ದುಡ್ಡು ಕೊಟ್ಟು ಟಿಕೆಟ್ ತೆಗೆಸುತ್ತೇನೆ ಎಂದರೆ ಒಪ್ಪಲಿಲ್ಲ. "ಅವಳ ಮನೆಯವಳು ಅಂತ ಹತ್ಬೇಕು ಕಣೋ. ದುಡ್ಡು ಕೊಟ್ಟು ಹತ್ತಿದ್ರೆ ಯಾರ ಮಗಳೋ ಓಡಿಸಿದ ಹಾಗಿರುತ್ತೆ."

ಅಷ್ಟರಲ್ಲಿ ಅಕ್ಕನಿಗೆ ಬಡ್ತಿ ಬಂತು. ಮುಂದಿನ ತಿಂಗಳಿಂದ ಬೇರೆ ಊರಿನಲ್ಲಿದ್ದುಕೊಂಡು ದೊಡ್ಡ ವಿಮಾನ ಓಡಿಸಬೇಕು. ಚಿಕ್ಕ ವಿಮಾನದ ಋಣ ಅಲ್ಲಿಗೆ ಮುಗಿಯಿತು. ಆ ಸಂಜೆ ಅವಳು ಶರ್ಟಿಗೆ ಇಸ್ತ್ರಿ ಹಾಕುತ್ತಾ ಅಂದಳು: "ಬೆಳಿಗ್ಗೆ ಮೋಡ ದಾಟಿ ಮೇಲೆ ಹೋದಾಗ ಬಿಸಿಲು ಬಂದು ಮುಖಕ್ಕೆ ಬೀಳುತ್ತಲ್ಲ, ಆಗ ದಿನಾ ಮನಸ್ಸಲ್ಲೇ ಕೈ ಮುಗೀತೀನಿ. ಎಷ್ಟು ಜನಕ್ಕೆ ಸಿಗುತ್ತೆ ಹೇಳು ಈ ಕೆಲಸ? ಆದ್ರೆ ನಿನ್ನ ಮದುವೆ ದಿನ ನಾನು ಈ ಮನೆ ಮೇಲೇ ಹಾರ್ಕೊಂಡು ಹೋದೆ. ನಮ್ಮ ನೀರಿನ ಟ್ಯಾಂಕ್ ಕಾಣಿಸ್ತು. ಇಳಿಯೋಕಾಗುತ್ತಾ?"

ನಾನು ಇಸ್ತ್ರಿಯಾದ ಶರ್ಟನ್ನು ತೆಗೆದು ಮೊಳೆಗೆ ತೂಗುಹಾಕಿದೆ.

ಆರನೇ ಸಲ, ಒಂದು ಶನಿವಾರ, ಅಮ್ಮನಿಗೆ ಸೀಟು ಸಿಕ್ಕೇಬಿಟ್ಟಿತು! ನಾನು ರಜೆ ಹಾಕಿ ಅವಳನ್ನು ಸ್ಕೂಟರಿನಲ್ಲಿ ವಿಮಾನ ನಿಲ್ದಾಣಕ್ಕೆ ಕರೆತಂದಿದ್ದೆ. ಮಹಡಿಯ ಗಾಜಿಗೆ ಮೂಗು ಒತ್ತಿ ನಿಂತೆ. ಅಮ್ಮ ಕೈಚೀಲ ಹಿಡಿದು ಉಳಿದವರ ಜೊತೆ ವಿಮಾನದತ್ತ ನಡೆದಳು. ಮೆಟ್ಟಿಲ ಮೇಲೆ ನಿಂತು, ನಾನು ಎಲ್ಲಿದ್ದೇನೆಂದು ಗೊತ್ತಿಲ್ಲದಿದ್ದರೂ, ಇಡೀ ಕಟ್ಟಡಕ್ಕೆ ಕೈ ಬೀಸಿದಳು. ನನ್ನ ಕಣ್ಣು ತುಂಬಿ ಬಂತು.

ಆಮೇಲೆ, ಹೊರಟುಹೋಗಿದ್ದ ಎಣ್ಣೆ ಟ್ಯಾಂಕರು ತಿರುಗಿ ಬಂದು ವಿಮಾನದ ಪಕ್ಕ ನಿಂತಿತು. ಸ್ವಲ್ಪ ಹೊತ್ತಿಗೆ ಮೆಟ್ಟಿಲಿನಿಂದ ನಾಲ್ಕು ಜನ ಇಳಿದರು. ನಾಲ್ಕನೆಯವಳು ನಮ್ಮಮ್ಮ.

ನಾನು ಏದುಸಿರು ಬಿಡುತ್ತಾ ಕೆಳಗೆ ಓಡಿದೆ. ಗೇಟಿನ ಹುಡುಗಿ ವಿವರಿಸಿದಳು. ಬೆಟ್ಟದ ಊರಲ್ಲಿ ಮೋಡ ಕವಿಯುತ್ತಿದೆಯಂತೆ. ಕ್ಯಾಪ್ಟನ್ ಜಾಸ್ತಿ ಎಣ್ಣೆ ಕೇಳಿದ್ದಾರೆ. ಎಣ್ಣೆ ಹತ್ತಿದರೆ ತೂಕ ಮಿತಿ ಮೀರುತ್ತದೆ. ಅಂಥ ಹೊತ್ತಿನಲ್ಲಿ ಸಿಬ್ಬಂದಿಯ ಟಿಕೆಟ್‌ನವರನ್ನೇ ಮೊದಲು ಇಳಿಸುವುದು.

"ಇವರು ತಮ್ಮ ತಾಯಿ ಅಂತ ಕ್ಯಾಪ್ಟನ್‌ಗೆ ಗೊತ್ತಿತ್ತಾ?"

"ಗೊತ್ತಿತ್ತು ಸರ್. ಇಳಿಸುವವರ ಪಟ್ಟಿಗೆ ಸಹಿ ಹಾಕಿದ್ದು ಅವರೇ."

ನನಗೆ ಮೈಯೆಲ್ಲಾ ಉರಿಯಿತು. ಅಮ್ಮ ಮನೆಯವರೆಗೂ ಸ್ಕೂಟರಿನ ಹಿಂದೆ ಕೈಚೀಲ ಹಿಡಿದು ಕೂತಿದ್ದಳು. ಒಂದು ಸಲವೂ ಕಾಲಿನಿಂದ ಬ್ರೇಕ್ ಒತ್ತಲಿಲ್ಲ. ನನಗೆ ಭಯವಾದದ್ದು ಅದಕ್ಕೇ. ಮನೆಗೆ ಬಂದವಳು ಬಟ್ಟೆ ಬದಲಿಸಿ ಹೊಲಿಗೆ ಯಂತ್ರದ ಮುಂದೆ ಕೂತಳು. ಅಕ್ಕನ ಹೊಸ ಶರ್ಟು ಅರ್ಧ ಹೊಲಿದು ಅಲ್ಲೇ ಇತ್ತು. ಅದನ್ನು ಮಡಚಿ ಬದಿಗಿಟ್ಟು, ಯಾರದೋ ಕಿಟಕಿಯ ಪರದೆ ಎತ್ತಿಕೊಂಡಳು.

ಸಂಜೆ ಅಕ್ಕ ಬಂದಳು. ಬಾಗಿಲಲ್ಲೇ ನಿಂತಳು, ಬೂಟು ಕೂಡ ಬಿಚ್ಚಲಿಲ್ಲ. ನಾನು ಕಾಯುತ್ತಿದ್ದೆ, ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. "ಹೆತ್ತ ತಾಯಿನ ಇಳಿಸೋಕೆ ಮನಸ್ಸಾದ್ರೂ ಹೇಗೆ ಬಂತೇ ನಿಂಗೆ? ನಾನಾಗಿದ್ರೆ ತೊಡೆ ಮೇಲೆ ಕೂರಿಸ್ಕೊಂಡಾದ್ರೂ ಬಸ್ಸು ಬಿಡ್ತಿದ್ದೆ!"

"ನಿನ್ನ ಬಸ್ಸನ್ನ ದಾರಿ ಮಧ್ಯದಲ್ಲಿ ನಿಲ್ಲಿಸ್ಬಹುದು" ಅಂದಳು ಅಕ್ಕ. ಅವಳ ದೊಡ್ಡ ದನಿ ಎಲ್ಲೂ ಇರಲಿಲ್ಲ. "ಅಮ್ಮನ ಹೆಸರು ಪಟ್ಟೀಲಿ ಕೊನೇದು. ಮೂರು ಜನ ಇಳಿದ್ರೆ ಸಾಕಾಗುತ್ತಾ ಅಂತ ಮೂರು ಸಲ ಲೆಕ್ಕ ಹಾಕಿದೆ ಕಣೋ. ಸಾಕಾಗ್ಲಿಲ್ಲ. ಪಕ್ಕದ ಸೀಟಿನ ಕೋ-ಪೈಲಟ್ ಹುಡುಗ ಹೇಳ್ದ, ನಿಯಮದ ಪ್ರಕಾರ ಇರೋ ಎಣ್ಣೇನೇ ಸಾಕು ಮೇಡಂ, ಇವತ್ತು ಅಮ್ಮ ಬಂದಿದ್ದಾರೆ, ಬಿಟ್ಬಿಡಿ ಅಂತ. ನಾನು ಯೋಚನೆ ಮಾಡ್ದೆ. ಆ ಸೀಟಲ್ಲಿ ಬೇರೆ ಯಾರೋ ಕೂತಿದ್ರೆ ನಾನು ಜಾಸ್ತಿ ಎಣ್ಣೆ ಹಾಕಿಸ್ತಿದ್ನಾ? ಹಾಕಿಸ್ತಿದ್ದೆ. ಮತ್ತೆ ಅಮ್ಮ ಕೂತಿದ್ದಾಳೆ ಅಂತ ಬಿಡೋಕಾಗುತ್ತಾ?" ಅಷ್ಟು ಹೇಳಿ ಗೋಡೆಗೆ ಒರಗಿದಳು. "ಎಷ್ಟು ಇಷ್ಟಾನೋ ಈ ಕೆಲಸ, ಕೆಲವು ದಿನ ಅಷ್ಟೇ ಕೋಪ ಬರುತ್ತೆ ಇದರ ಮೇಲೆ."

ಹೊಲಿಗೆ ಯಂತ್ರದ ಸದ್ದು ನಿಂತಿತು.

"ಆಮೇಲೆ?" ಅಂದಳು ಅಮ್ಮ, ಪರದೆಯಿಂದ ಕಣ್ಣೆತ್ತದೆ. "ಆ ಎಣ್ಣೆ ಬೇಕಾಯ್ತಾ?"

"ಬೇಕಾಯ್ತಮ್ಮ. ಹೋಗೋಷ್ಟರಲ್ಲಿ ಊರೇ ಕಾಣ್ತಿರ್ಲಿಲ್ಲ. ಇಪ್ಪತ್ತೆರಡು ನಿಮಿಷ ಮೇಲೇ ಸುತ್ತುತ್ತಾ ಇದ್ದೆ. ಆಮೇಲೆ ಮೋಡ ಸರೀತು, ಇಳಿಸಿದೆ. ಇಲ್ದಿದ್ರೆ ಎಲ್ಲರನ್ನೂ ವಾಪಸ್ ಕರ್ಕೊಂಡು ಬರ್ಬೇಕಿತ್ತು."

"ಅದರಲ್ಲಿ ನಂದೆಷ್ಟು?"

"ಏನು?"

"ನನ್ನ ಇಳಿಸಿ ಎಣ್ಣೆ ಹತ್ತಿಸ್ಕೊಂಡೆಯಲ್ಲ. ನಾನು ಐವತ್ತೆಂಟು ಕೆ.ಜಿ. ಅಷ್ಟು ಎಣ್ಣೇಲಿ ಎಷ್ಟು ಹೊತ್ತು ಹಾರುತ್ತೆ?"

ಅಕ್ಕ ಪಾಪ, ನಿಜವಾಗಿಯೂ ಲೆಕ್ಕ ಹಾಕಿದಳು. "ಸುಮಾರು ಆರು ನಿಮಿಷ."

"ಕೈಚೀಲ ಇತ್ತು. ನೀರಿನ ಬಾಟಲಿನೂ ಇತ್ತು."

"ಸರಿ, ಏಳು."

ಅಮ್ಮ ಪರದೆಯನ್ನು ಬದಿಗೆ ಸರಿಸಿದಳು. ಮಡಚಿಟ್ಟಿದ್ದ ಬಿಳಿ ಶರ್ಟನ್ನು ಬಿಡಿಸಿ, ಭುಜದ ಹೊಲಿಗೆಯನ್ನು ಹುಡುಕಿ ಸೂಜಿಯ ಕೆಳಗಿಟ್ಟಳು. "ಹಾಗಾದ್ರೆ ಏಳು ನಿಮಿಷ ನಾನೇ ನಿನ್ನನ್ನ ಎತ್ಕೊಂಡಿದ್ದೆ" ಅಂದಳು. "ಹೋಗು, ಮುಖ ತೊಳ್ಕೊಂಡು ಬಾ. ಚಹಾ ಮಾಡ್ತೀನಿ."

ಅಕ್ಕ ಮುಖ ತೊಳೆಯಲು ಹೋಗಲಿಲ್ಲ. ಬೂಟು ಹಾಕಿಕೊಂಡೇ ಹೋಗಿ ನೆಲದ ಮೇಲೆ ಕೂತು, ಅಮ್ಮನ ಮಡಿಲಲ್ಲಿ ತಲೆಯಿಟ್ಟು ಅತ್ತಳು, ಆಮೇಲೆ ನಕ್ಕಳು. ಅಮ್ಮ ಎರಡೇ ದಿನದಲ್ಲಿ ಇಡೀ ಬೀದಿಗೆ ಸುದ್ದಿ ಮುಟ್ಟಿಸಿದಳು. "ನನ್ನನ್ನೇ ಇಳಿಸಿದಳು ನೋಡಿ!" ಎಂದು ಹೇಳುವಾಗ ಅವಳ ಮುಖ ನೋಡಬೇಕಿತ್ತು, ಬಹುಮಾನ ಬಂದವರ ಹಾಗೆ. ನಾನು ಅಂದದ್ದನ್ನೆಲ್ಲ ನುಂಗಿಕೊಂಡು ಒಂದು ವಾರ ಅಕ್ಕನ ಬೂಟು ಒರೆಸಿದೆ.

ಚಿಕ್ಕ ವಿಮಾನದಲ್ಲಿ ಅಕ್ಕನ ಕೊನೆಯ ವಾರ ಬಂತು. ಮಂಗಳವಾರದ ಮಧ್ಯಾಹ್ನ ಬೆಟ್ಟದ ಊರಿಗೆ ಹೋಗುವವರು ಕಡಿಮೆ. ಹನ್ನೊಂದು ಸೀಟು ಖಾಲಿ, ಆಕಾಶ ತೊಳೆದಿಟ್ಟ ಹಾಗಿತ್ತು. ನನಗೂ ಅಮ್ಮನಿಗೂ ಜಾಗ ಸಿಕ್ಕಿತು. ಅಮ್ಮನಿಗೆ ಕಿಟಕಿ ಬಿಟ್ಟುಕೊಟ್ಟೆ. ನಮ್ಮ ಮನೆಯ ಟ್ಯಾಂಕು ಯಾವ ಕಡೆ ಕಾಣುತ್ತದೆಂದು ಅಕ್ಕನನ್ನು ಮೊದಲೇ ಕೇಳಿ ತಿಳಿದುಕೊಂಡಿದ್ದೆ. ಮೈಕಿನಲ್ಲಿ ಅಕ್ಕನ ದನಿ ಬಂತು, ಎಲ್ಲರಿಗೂ ಸ್ವಾಗತ ಹೇಳಿತು. ವಿಮಾನ ಓಡತೊಡಗಿತು. "ಅಮ್ಮಾ, ಈಗ ನೋಡು" ಎಂದು ತಿರುಗಿದೆ.

ಅಮ್ಮ ನಿದ್ದೆ ಮಾಡುತ್ತಿದ್ದಳು.

ಕೈಚೀಲವನ್ನು ತಬ್ಬಿಕೊಂಡು, ಬಾಯಿ ಸ್ವಲ್ಪ ತೆರೆದು, ಗಾಢ ನಿದ್ದೆ. ನನ್ನ ಬಸ್ಸಿನಲ್ಲಿ ಹದಿನೈದು ವರ್ಷ ಕಣ್ಣು ಮುಚ್ಚದವಳು! ನಮ್ಮ ಟ್ಯಾಂಕು ಬಂತು, ಹೋಯಿತು. ನದಿ ಬಂತು, ಹೋಯಿತು. ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ. ಇಳಿಯುವಾಗ ನೆಲ ಹತ್ತಿರ ಹತ್ತಿರ ಬಂದು ಚಕ್ರ ತಗುಲಿತು. ನೋಡಿಕೊಂಡರೆ ನನ್ನ ಬಲಗಾಲು ಮುಂದಿನ ಸೀಟಿನ ಕೆಳಗೆ ಇಲ್ಲದ ಬ್ರೇಕನ್ನು ಜೋರಾಗಿ ಒತ್ತಿ ಹಿಡಿದಿತ್ತು.

ಉಳಿದವರೆಲ್ಲ ಇಳಿದ ಮೇಲೆ ಅಕ್ಕ ಕಾಕ್‌ಪಿಟ್ಟಿನ ಬಾಗಿಲು ತೆರೆದು ಹೊರಗೆ ಬಂದಳು. ಅಮ್ಮ ಹೊಲಿದ ಶರ್ಟು ಹಾಕಿದ್ದಳು. "ಹೇಗಿತ್ತಮ್ಮ?"

ಅಮ್ಮ ಕಣ್ಣುಜ್ಜಿಕೊಂಡಳು. "ನಿದ್ದೆ ಬಂದುಬಿಡ್ತು ಕಣೇ. ಏನೂ ನೋಡ್ಲೇ ಇಲ್ಲ."

ಅಕ್ಕ ನನ್ನ ಕಡೆ ನೋಡಿದಳು. ನಾನು ನಿಜ ಎಂದು ತಲೆಯಾಡಿಸಿದೆ. ಅಮ್ಮನ ನಿದ್ದೆ ಎಂದರೆ ಏನೆಂದು ನಮ್ಮಿಬ್ಬರಿಗೂ ಗೊತ್ತು.

"ವಾಪಸ್ ಹೋಗ್ತಾ ನೋಡ್ತೀನಿ" ಅಂದಳು ಅಮ್ಮ, ಸೀಟಿನಲ್ಲಿ ಇನ್ನಷ್ಟು ಒರಗಿ ಕೂತು. "ಕೂರಬಹುದಲ್ವಾ?"

ಅಕ್ಕ ಶರ್ಟಿನ ತೋಳಿನಿಂದ ಕಣ್ಣೊರೆಸಿಕೊಂಡು, ತನ್ನ ದೊಡ್ಡ ದನಿಯನ್ನು ಹುಡುಕಿ ತಂದುಕೊಂಡಳು.

"ಸೀಟು ಖಾಲಿ ಇದ್ರೆ ಮಾತ್ರ."